ಮನೆ ಸ್ವಯಂಚಾಲನೆಯಲ್ಲಿ ಟಿವಿ ಮತ್ತು ಆಡಿಯೊ ನಿಯಂತ್ರಣ

ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಆಂಪ್ಲಿಫೈಯರ್ ಮೊದಲಾದವನ್ನು ಅವುಗಳದೇ ರಿಮೋಟ್‌ನಿಂದಲ್ಲದೆ, ಮನೆಯ ದೀಪ, ಫ್ಯಾನು, ಪರದೆಗಳನ್ನು ನೋಡಿಕೊಳ್ಳುವ ಹೋಮ್ ಆಟೊಮೇಷನ್ ವ್ಯವಸ್ಥೆಯಿಂದಲೇ ನಡೆಸುವ ವಿಧಾನ. ‘ಸಿನಿಮಾ’ ಎಂಬ ಒಂದು ಬಟನ್ ಒತ್ತಿದರೆ ಟಿವಿ ಆನ್ ಆಗಿ, ಇನ್‌ಪುಟ್ ಬದಲಾಗಿ, ಆಂಪ್ಲಿಫೈಯರ್‌ನ ವಾಲ್ಯೂಮ್ ನಿಗದಿತ ಮಟ್ಟಕ್ಕೆ ಬಂದು, ದೀಪಗಳು ಮಂದವಾಗುವುದು ಇದರ ಮಾಮೂಲಿ ಉದಾಹರಣೆ. ಆದೇಶ ಕಳಿಸುವುದು ಇಲ್ಲಿ ಸುಲಭ. ಅದು ತಲುಪಿತೇ, ಟಿವಿ ಈಗ ಆನ್ ಇದೆಯೇ ಆಫ್ ಇದೆಯೇ ಎಂದು ತಿಳಿಯುವುದೇ ಕಷ್ಟ. ಈ ಕ್ಷೇತ್ರದ ಅರ್ಧಕ್ಕರ್ಧ ತಂತ್ರಗಳು ಆ ಕಷ್ಟದಿಂದ ಹುಟ್ಟಿದವು.

ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ತಂದ ‘ಲೇಜಿ ಬೋನ್ಸ್’ ರಿಮೋಟ್ ಉದ್ದನೆಯ ವೈರಿನಿಂದ ಟಿವಿಗೆ ಜೋಡಿಸಿಕೊಂಡಿತ್ತು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ‘ಫ್ಲ್ಯಾಶ್‌ಮ್ಯಾಟಿಕ್’ ರೂಪಿಸಿದರು. ಪರದೆಯ ನಾಲ್ಕು ಮೂಲೆಗಳಲ್ಲಿದ್ದ ಬೆಳಕಿನ ಸಂವೇದಕಗಳಿಗೆ ಟಾರ್ಚ್ ಹಿಡಿದರೆ ಕೆಲಸ ನಡೆಯುತ್ತಿತ್ತು. ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು. ಮರುವರ್ಷ ರಾಬರ್ಟ್ ಆಡ್ಲರ್ ಅವರ ‘ಸ್ಪೇಸ್ ಕಮಾಂಡ್’ ಬಂತು. ಅದಕ್ಕೆ ಬ್ಯಾಟರಿಯೇ ಬೇಡ. ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದಾಗ ಹೊರಡುವ, ಕಿವಿಗೆ ಕೇಳದ ಶಬ್ದವನ್ನು ಟಿವಿ ಗುರುತಿಸುತ್ತಿತ್ತು.

ಮನೆ ಸ್ವಯಂಚಾಲನೆಯ ಬೇರು ಕೂಡ ಆಡಿಯೊ ಸಾಧನದಲ್ಲೇ ಇದೆ. ಸ್ಕಾಟ್ಲೆಂಡಿನ ಗ್ಲೆನ್‌ರೋಥಸ್ ಪಟ್ಟಣದ ಪಿಕೊ ಎಲೆಕ್ಟ್ರಾನಿಕ್ಸ್, ಬಿಎಸ್‌ಆರ್ ಕಂಪನಿಯ ರೆಕಾರ್ಡ್ ಪ್ಲೇಯರಿಗಾಗಿ ದೂರನಿಯಂತ್ರಣ ರೂಪಿಸುತ್ತಿತ್ತು. ಪ್ಲೇಯರನ್ನು ಹೀಗೆ ನಡೆಸಬಹುದಾದರೆ ದೀಪವನ್ನೇಕೆ ಆಗದು ಎಂಬ ಯೋಚನೆ ಬೆಳೆದು 1975ರಲ್ಲಿ ‘ಎಕ್ಸ್10’ ಆಯಿತು. ಮನೆಯ ಕರೆಂಟ್ ವೈರಿನಲ್ಲೇ ಸಂಕೇತ ಕಳಿಸುವ ಈ ಪದ್ಧತಿ ದಶಕಗಳ ಕಾಲ ಚಾಲ್ತಿಯಲ್ಲಿತ್ತು.

ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಇನ್‌ಫ್ರಾರೆಡ್ ಬೆಳಕು. ಎನ್‌ಇಸಿ ಪದ್ಧತಿಯ ರಿಮೋಟ್‌ನಲ್ಲಿ ಬಟನ್ ಒತ್ತಿದಾಗ ಎಲ್‌ಇಡಿ ಸೆಕೆಂಡಿಗೆ 38,000 ಬಾರಿ ಮಿನುಗುವ ಬೆಳಕನ್ನು ಮೊದಲು 9 ಮಿಲಿಸೆಕೆಂಡ್ ಬಿಡುತ್ತದೆ. ಇದು ಎಚ್ಚರಿಕೆಯ ಕರೆ. ಬಳಿಕ 4.5 ಮಿಲಿಸೆಕೆಂಡ್ ಮೌನ, ಅದರ ಹಿಂದೆ 32 ಬಿಟ್‌ಗಳು. ಮಿಂಚುಗಳ ನಡುವಿನ ಬಿಡುವು ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಸಾಧನದ ವಿಳಾಸವನ್ನೂ ಆದೇಶವನ್ನೂ ಒಮ್ಮೆ ನೇರವಾಗಿ, ಒಮ್ಮೆ ತಿರುವುಮುರುವಾಗಿ ಕಳಿಸುವುದರಿಂದ ತಪ್ಪು ಸಂಕೇತ ಕೂಡಲೇ ಸಿಕ್ಕಿಬೀಳುತ್ತದೆ. ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿ 36 ಕಿಲೋಹರ್ಟ್ಸ್‌ನಲ್ಲಿ 14 ಬಿಟ್‌ಗಳಿಗೇ ಮುಗಿಸುತ್ತದೆ. ಸ್ವಯಂಚಾಲನೆಯಲ್ಲಿ ಈ ಸಂಕೇತಗಳನ್ನು ಐಆರ್ ಬ್ಲಾಸ್ಟರ್ ಎಂಬ ಪುಟ್ಟ ಡಬ್ಬಿ ಕಲಿತುಕೊಂಡು, ವೈಫೈ ಮೂಲಕ ಆದೇಶ ಬಂದಾಗ ಮತ್ತೆ ಬಿಡುತ್ತದೆ.

ತೊಡಕು ಏನೆಂದರೆ ಇದು ಒಮ್ಮುಖ ಸಂಚಾರ. ಟಿವಿ ಮರುಮಾತಾಡುವುದಿಲ್ಲ. ಸಾಲದ್ದಕ್ಕೆ ಬಹುತೇಕ ರಿಮೋಟ್‌ಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಬಟನ್. ಮನೆಯವರು ಆಗಲೇ ಟಿವಿ ಹಾಕಿಕೊಂಡಿದ್ದರೆ ‘ಸಿನಿಮಾ’ ಆದೇಶ ಅದನ್ನು ಆರಿಸಿಬಿಡುತ್ತದೆ; ನಡುವೆ ಕರೆಂಟ್ ಹೋಗಿ ಬಂದರಂತೂ ವ್ಯವಸ್ಥೆಯ ಲೆಕ್ಕ ಪೂರ್ತಿ ತಲೆಕೆಳಗು. ಕೆಲವು ಟಿವಿಗಳು ಆನ್ ಮತ್ತು ಆಫ್‌ಗೆ ಬೇರೆ ಬೇರೆ ಸಂಕೇತಗಳನ್ನು ಒಪ್ಪುತ್ತವೆ, ಆದರೆ ಮಾಮೂಲಿ ರಿಮೋಟ್‌ನಲ್ಲಿ ಅವಕ್ಕೆ ಬಟನ್ ಇರುವುದಿಲ್ಲ. ಅವು ಸಿಗದಿದ್ದರೆ ವಿದ್ಯುತ್ ಅಳೆಯುವ ಸ್ಮಾರ್ಟ್ ಪ್ಲಗ್ ಒಳ್ಳೆಯ ಉಪಾಯ: ಟಿವಿ ಎಳೆಯುತ್ತಿರುವ ವ್ಯಾಟ್ ನೋಡಿ ಅದು ಎಚ್ಚರವಿದೆಯೋ ಮಲಗಿದೆಯೋ ಎಂದು ವ್ಯವಸ್ಥೆ ತಿಳಿದುಕೊಳ್ಳುತ್ತದೆ.

ಟಿವಿಗೂ ಬಾಕ್ಸಿಗೂ ನಡುವಿನ ಎಚ್‌ಡಿಎಂಐ ಕೇಬಲಿನ 13ನೇ ಪಿನ್ ಸಾಧನಗಳು ಪರಸ್ಪರ ಆದೇಶ, ಸ್ಥಿತಿ ತಿಳಿಸಿಕೊಳ್ಳಲೆಂದೇ ಮೀಸಲು. ಅದರಲ್ಲಿ ಹರಿಯುವ ಸಿಇಸಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು 400 ಬಿಟ್ ಮಾತ್ರ, ಆದರೆ ಅದು ಎರಡೂ ಕಡೆಗೆ ಹರಿಯುತ್ತದೆ. ಟಿವಿಯ ವಿಳಾಸ ಸೊನ್ನೆ, ಆಡಿಯೊ ವ್ಯವಸ್ಥೆಯದು ಐದು. ‘ನೀನು ಆನ್ ಇದ್ದೀಯಾ’ ಎಂದು ಕೇಳುವ ಪ್ರತ್ಯೇಕ ಸಂದೇಶವೇ ಇದೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ ಎಲ್‌ಜಿ ಸಿಂಪ್‌ಲಿಂಕ್ ಎಂದೂ ಸೋನಿ ಬ್ರಾವಿಯಾ ಸಿಂಕ್ ಎಂದೂ ಕರೆಯುವುದರಿಂದ, ಸೆಟ್ಟಿಂಗ್ಸ್‌ನಲ್ಲಿ ಹುಡುಕುವವರಿಗೆ ಮೂರೂ ಬೇರೆ ಎನಿಸುತ್ತದೆ. ಹೆಸರಷ್ಟೇ ಅಲ್ಲ, ನಡವಳಿಕೆಯೂ ಒಂದೊಂದು ಕಂಪನಿಯದು ಒಂದೊಂದು ಥರ. ನಡುರಾತ್ರಿ ತಾನೇ ಎಚ್ಚರಗೊಂಡ ಬಾಕ್ಸ್ ಟಿವಿಯನ್ನೂ ಎಬ್ಬಿಸುವುದುಂಟು. ಆದೇಶ ಕೊಡಲಿಕ್ಕಿಂತ ಸ್ಥಿತಿ ವಿಚಾರಿಸಲಿಕ್ಕೆ ಸಿಇಸಿ ಹೆಚ್ಚು ನಂಬಿಗಸ್ಥ ಎನ್ನಬೇಕು.

ಎಲ್ಲಕ್ಕಿಂತ ನೆಮ್ಮದಿಯ ದಾರಿ ಮನೆಯ ನೆಟ್‌ವರ್ಕ್. ಡೆನಾನ್ ಕಂಪನಿಯ ನೆಟ್‌ವರ್ಕ್ ರಿಸೀವರ್‌ಗಳು 23ನೇ ಪೋರ್ಟ್‌ನಲ್ಲಿ ಸರಳ ಅಕ್ಷರಗಳ ಆದೇಶಗಳನ್ನು ಒಪ್ಪುತ್ತವೆ. ಯಾರಾದರೂ ಕೈಯಿಂದಲೇ ವಾಲ್ಯೂಮ್ ತಿರುಗಿಸಿದರೆ ಹೊಸ ಅಂಕಿಯನ್ನು ತಾವಾಗಿ ತಿಳಿಸುತ್ತವೆ. ಇಲ್ಲಿ ವ್ಯವಸ್ಥೆ ಊಹೆ ಮಾಡಬೇಕಿಲ್ಲ. ಆಫ್ ಆದ ಟಿವಿ ನೆಟ್‌ವರ್ಕ್‌ಗೂ ಕಿವುಡಾಗುವುದು ಮಾತ್ರ ಉಳಿದ ಸಮಸ್ಯೆ. ಸೌಲಭ್ಯವಿರುವ ಟಿವಿಗಳನ್ನು ‘ವೇಕ್ ಆನ್ ಲ್ಯಾನ್’ ಎಂಬ 102 ಬೈಟ್‌ಗಳ ಸಂದೇಶ ಎಬ್ಬಿಸುತ್ತದೆ: ಒಂದೇ ಬಗೆಯ ಆರು ಬೈಟ್‌ಗಳು, ಅವುಗಳ ಹಿಂದೆ ಟಿವಿಯ ಮ್ಯಾಕ್ ವಿಳಾಸ ಹದಿನಾರು ಸಲ.

ಇವೆಲ್ಲವನ್ನು ಒಂದೆಡೆ ತರುವ ತಂತ್ರಾಂಶಗಳಲ್ಲಿ ಪೌಲಸ್ ಶೌಟ್ಸನ್ 2013ರಲ್ಲಿ ಆರಂಭಿಸಿದ, ಮುಕ್ತ ಆಕರದ ಹೋಮ್ ಅಸಿಸ್ಟೆಂಟ್ ಹೆಸರಾದದ್ದು. ಇದು ಮನೆಯಲ್ಲೇ ಇರುವ ಪುಟ್ಟ ಕಂಪ್ಯೂಟರಿನಲ್ಲಿ ಓಡುತ್ತದೆ. ದೊಡ್ಡ ಬಂಗಲೆಗಳಲ್ಲಿ ತಜ್ಞರು ಬಂದು ಕೂರಿಸುವ ಕ್ರೆಸ್ಟ್ರಾನ್, ಕಂಟ್ರೋಲ್4 ವ್ಯವಸ್ಥೆಗಳಿವೆ. ಇವೆರಡರ ನಡುವಿನ ಗ್ರಾಹಕರಿಗೆ ಲಾಜಿಟೆಕ್‌ನ ಹಾರ್ಮನಿ ರಿಮೋಟ್ ವರ್ಷಗಟ್ಟಲೆ ಒದಗಿತ್ತು. 2021ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿತು.

ಹಾಡು ಕೇಳುವುದರಲ್ಲಿ ಸಮಸ್ಯೆ ಬೇರೆ. ಎರಡು ಕೋಣೆಗಳ ಸ್ಪೀಕರ್‌ಗಳ ನಡುವೆ ಕೆಲವು ಹತ್ತು ಮಿಲಿಸೆಕೆಂಡ್ ಅಂತರ ಬಿದ್ದರೂ ಮಾರ್ದನಿಯಂತೆ ಕೇಳುತ್ತದೆ. ಸೋನೋಸ್, ಏರ್‌ಪ್ಲೇ 2, ಸ್ನ್ಯಾಪ್‌ಕಾಸ್ಟ್ ಮೊದಲಾದವು ಎಲ್ಲ ಸ್ಪೀಕರ್‌ಗಳ ಗಡಿಯಾರ ಹೊಂದಿಸಿ, ಧ್ವನಿಯನ್ನು ಸ್ವಲ್ಪ ಹೊತ್ತು ಸಂಗ್ರಹಿಸಿಟ್ಟು, ಒಟ್ಟಿಗೆ ನುಡಿಸುತ್ತವೆ. ಅದೇ ತಡದಿಂದ ಟಿವಿಯ ಧ್ವನಿ ತುಟಿಚಲನೆಗಿಂತ ಹಿಂದೆ ಬೀಳಬಹುದು. ಬಾಗಿಲಗಂಟೆ ಬಾರಿಸಿದಾಗ ಹಾಡು ತಗ್ಗಿಸಿ, ‘ಯಾರೋ ಬಂದಿದ್ದಾರೆ’ ಎಂದು ನುಡಿದು, ಮತ್ತೆ ಹಳೆಯ ವಾಲ್ಯೂಮ್‌ಗೆ ಮರಳಿಸಬೇಕಾದರೂ ಹಳೆಯ ವಾಲ್ಯೂಮ್ ಎಷ್ಟಿತ್ತೆಂದು ಸ್ಪೀಕರ್ ಹೇಳುವಂತಿರಬೇಕು.

ಬೇರೆ ಬೇರೆ ಕಂಪನಿಗಳ ಮನೆ ಸಾಧನಗಳಿಗೆ ಒಂದೇ ಭಾಷೆ ಕೊಡಲೆಂದು 2022ರ ಅಕ್ಟೋಬರಿನಲ್ಲಿ ಪ್ರಕಟವಾದ ‘ಮ್ಯಾಟರ್’ ಮಾನದಂಡದ ಮೊದಲ ಆವೃತ್ತಿಯಲ್ಲೇ ಟಿವಿಗೆ ಜಾಗವಿತ್ತು. ಹಾಗಿದ್ದರೂ ನಮ್ಮ ಮನೆಗಳ ಸಾದಾ ಡಿಟಿಎಚ್ ಬಾಕ್ಸ್‌ಗಳು ಇನ್‌ಫ್ರಾರೆಡ್ ಬಿಟ್ಟು ಬೇರೆ ಭಾಷೆ ಕೇಳುವುದಿಲ್ಲ. ಮೂರಂಕಿಯ ಚಾನೆಲ್ ಹಾಕಿಸುವಾಗ ಬ್ಲಾಸ್ಟರ್ ಅಂಕಿಗಳನ್ನು ಬಲು ಬೇಗ ಬಿಟ್ಟರೆ ಬಾಕ್ಸ್ ಒಂದನ್ನು ನುಂಗುತ್ತದೆ, ತಡಮಾಡಿದರೆ ಮೊದಲ ಅಂಕಿಯ ಚಾನೆಲ್‌ಗೇ ಹೋಗಿ ನಿಲ್ಲುತ್ತದೆ. ಆ ಬಿಡುವನ್ನು ಪ್ರತಿ ಬಾಕ್ಸ್‌ಗೂ ಬೇರೆಯಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ.