ಕಡಲ ತಂತಿಯ ತೊಟ್ಟಿ

1850ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಡೋವರಿನಿಂದ ಫ್ರಾನ್ಸಿನ ತೀರದತ್ತ ಹೊರಟ ಗೋಲಿಯತ್ ಎಂಬ ಸಣ್ಣ ಹಬೆಹಡಗಿನ ಅಟ್ಟದ ಮೇಲೆ ಒಂದು ದೊಡ್ಡ ರಾಟೆಯಿದ್ದಿತು. ಗಟ್ಟಾಪರ್ಚವೆಂಬ ಮರದಂಟನ್ನು ಹೊದಿಸಿದ ತಾಮ್ರದ ತಂತಿಯನ್ನು ಅದಕ್ಕೆ ಸುತ್ತಿ, ಹಡಗು ಮುಂದುವರಿದಂತೆಲ್ಲ ರಾಟೆಯನ್ನು ತಿರುಗಿಸುತ್ತ, ಬ್ರೆಟ್ ಸೋದರರ ಕಡೆಯವರು ತಂತಿಯನ್ನು ನೀರಿಗಿಳಿಸಿದರು. ಕಿರಿದಾದ ಕಡಲ್ಗಾಲುವೆಗೆ ಈ ಉಪಾಯ ಸಾಕಾಗಿದ್ದಿತು. ಆದರೆ ಮಹಾಸಾಗರವನ್ನು ದಾಟುವ ತಂತಿಯ ಭಾರ ಸಾವಿರಾರು ಟನ್ನುಗಳದಾದುದರಿಂದ, ಅದನ್ನು ಹೊತ್ತ ರಾಟೆಯನ್ನು ಅಲೆಗಳ ಏರಿಳಿತಕ್ಕೆ ಹೊಂದಿಸಿ ತಿರುಗಿಸುವುದಾಗಲಿ, ಬೇಕೆಂದ ಕ್ಷಣದಲ್ಲಿ ನಿಲ್ಲಿಸುವುದಾಗಲಿ ಸಾಧ್ಯವಿರಲಿಲ್ಲ. ಆದಕಾರಣ ರಾಶಿ ನಿಶ್ಚಲವಾಗಿದ್ದು, ತುದಿ ಮಾತ್ರ ಸುರುಳಿ ಬಿಚ್ಚಿಕೊಳ್ಳುತ್ತ ಮೇಲೇರಿ ಹೋಗುವಂತಹ ಏರ್ಪಾಡನ್ನು ಹುಡುಕಬೇಕಾಯಿತು. ಮುಂದಿನ ಅಟ್ಲಾಂಟಿಕ್ ಪ್ರಯತ್ನಗಳ ಸೋಲುಗಳನ್ನು ಒಂದೊಂದಾಗಿ ಪರಿಶೀಲಿಸುವವನಿಗೆ, ವಿದ್ಯುತ್ತಿನ ವಿಷಯದ ಅಜ್ಞಾನದಷ್ಟೇ ಈ ತುಂಬಿಡುವ ಮತ್ತು ಹೊರಬಿಡುವ ಕಲೆಯ ಅಪಕ್ವತೆಯೂ ಅವುಗಳಿಗೆ ಕಾರಣವಾಗಿದ್ದಿತೆಂಬುದು ಸ್ಪಷ್ಟವಾಗುತ್ತದೆ.

1857ರಲ್ಲಿ ಅಮೆರಿಕದ ನಯಾಗರಾ, ಬ್ರಿಟನ್ನಿನ ಅಗಮೆಮ್ನಾನ್ ಎಂಬ ಯುದ್ಧನೌಕೆಗಳು ತಂತಿಯನ್ನು ಸಮಪಾಲಾಗಿ ಹೊತ್ತು ಹೊರಟಾಗ, ಅದನ್ನು ಹಡಗಿನ ಒಡಲಿನಲ್ಲಿ ಜಾಗ ದೊರೆತಂತೆ ಸಿಂಬೆ ಸುತ್ತಿ ಇಡಲಾಗಿದ್ದಿತು. ಆ ವರ್ಷ ಹಡಗಿನ ಹಿಂಬದಿ ಅಲೆಯೊಡನೆ ಮೇಲೇಳುವ ಹೊತ್ತಿನಲ್ಲಿ ಬ್ರೇಕನ್ನು ಸಡಿಲಿಸದೆ ಬಿಗಿಹಿಡಿದುದರಿಂದ ತಂತಿ ತುಂಡಾಯಿತು. ಮರುವರ್ಷದ ಹೊತ್ತಿಗೆ, ಎಳೆತ ಮಿತಿಮೀರಿದರೆ ತಾನಾಗಿಯೇ ಸಡಿಲಗೊಳ್ಳುವ ಆಪೊಲ್ಡನ ಬ್ರೇಕನ್ನು ಅಳವಡಿಸಿ ಎವರೆಟ್ ಎಂಬ ಇಂಜಿನಿಯರನು ಯಂತ್ರವನ್ನು ತಿದ್ದಿದನಾದರೂ, ಜೂನಿನ ಬಿರುಗಾಳಿಗೆ ಸಿಕ್ಕ ಅಗಮೆಮ್ನಾನಿನ ಒಡಲಿನಲ್ಲಿ ಸಿಂಬೆಯ ಮೇಲ್ಪದರಗಳೆಲ್ಲ ಜರುಗಿ ತೊಡಕಾಗಿ, ಅವನ್ನು ಬಿಡಿಸಿ ಮತ್ತೆ ಸುತ್ತಬೇಕಾಯಿತು. ಕಡೆಗೆ ಆಗಸ್ಟ್ 5ರಂದು ತಂತಿ ಎರಡು ದಡಗಳನ್ನೂ ಮುಟ್ಟಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ಕೆಲವೇ ವಾರಗಳಲ್ಲಿ ತಂತಿ ಮೂಕವಾಯಿತು.

ತುಂಬಿಟ್ಟ ತಂತಿಗೆ ಅಲೆಗಿಂತಲೂ ಗುಪ್ತವಾದ ಇನ್ನೊಂದು ಶತ್ರುವಿದ್ದಿತು: ತಾಪ. ಗಟ್ಟಾಪರ್ಚ ಬಿಸಿಗೆ ಮೆತ್ತಗಾಗುವ ವಸ್ತು. ಮೆತ್ತಗಾದಾಗ ಒಳಗಣ ತಾಮ್ರ ನಡುವಿನಿಂದ ಜರುಗಿ ಹೊದಿಕೆ ಒಂದು ಮಗ್ಗುಲಿಗೆ ತೆಳುವಾಗುತ್ತದೆ. ರಂಗೂನು ಸಿಂಗಪುರಗಳ ನಡುವೆ ಹಾಸಲೆಂದು 1860ರ ಸುಮಾರಿಗೆ ಸಿದ್ಧವಾದ ತಂತಿ ಹಡಗಿನ ಒಡಲಿನಲ್ಲಿ ತಾನಾಗಿಯೇ ಕಾಯತೊಡಗಿದುದನ್ನು, ರಾಶಿಯ ನಡುವೆ ಹುದುಗಿಸಿದ ಲೋಹದ ಎಳೆಯ ವಿದ್ಯುತ್ ನಿರೋಧವನ್ನು ಅಳೆದು ಸೀಮೆನ್ಸ್ ಸೋದರರು ಪತ್ತೆಹಚ್ಚಿದರು. ತಂತಿಯನ್ನು ನೀರು ಸೋರದ ಕಬ್ಬಿಣದ ತೊಟ್ಟಿಗಳಲ್ಲಿ ಮುಳುಗಿಸಿಡುವ ಪದ್ಧತಿ ಬಲಗೊಂಡುದು ಇಂತಹ ಅನುಭವಗಳಿಂದಲೇ. ನೀರು ತಂತಿಯನ್ನು ತಂಪಾಗಿಟ್ಟಿತಲ್ಲದೆ, ಹೊದಿಕೆಯಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ಅದನ್ನು ಸಮುದ್ರಕ್ಕಿಳಿಸುವ ಮೊದಲೇ ಪರೀಕ್ಷೆಯಲ್ಲಿ ಹೊರಗೆಡಹಿತು.

ಈ ಕಲೆ ಪ್ರೌಢಿಮೆಗೆ ಬಂದುದು ಗ್ರೇಟ್ ಈಸ್ಟರ್ನ್ ಹಡಗಿನಲ್ಲಿ. ಪ್ರಯಾಣಿಕರಿಗಾಗಿ ಬ್ರೂನೆಲ್ ಕಟ್ಟಿಸಿದ ಆ ಮಹಾನೌಕೆ ವ್ಯಾಪಾರದಲ್ಲಿ ನಷ್ಟವನ್ನೇ ಕಂಡಿದ್ದಿತು. 1865ರಲ್ಲಿ ಅದರೊಳಗೆ ಮೂರು ಕಬ್ಬಿಣದ ತೊಟ್ಟಿಗಳನ್ನು ಕಟ್ಟಿದರು. ದೊಡ್ಡದರ ಅಗಲ ಸುಮಾರು 58 ಅಡಿ, ಆಳ 20 ಅಡಿ. ಮೂರೂ ಸೇರಿ ಸುಮಾರು 2300 ನಾವಿಕ ಮೈಲಿಗಳ ತಂತಿಯನ್ನು ನುಂಗಿದವು. ಗ್ರೀನಿಚ್ಚಿನ ಕಾರ್ಖಾನೆಯಿಂದ ಹಳೆಯ ಹಡಗುಗಳಲ್ಲಿ ಸಾಗಿಬಂದ ತಂತಿಯನ್ನು ಆಳುಗಳು ತೊಟ್ಟಿಯೊಳಗಿಳಿದು, ಸುತ್ತಿ ನಡೆಯುತ್ತ, ಹೊರಗೋಡೆಯಿಂದ ನಡುವಿನತ್ತ ಒತ್ತೊತ್ತಾಗಿ ತಿಂಗಳುಗಟ್ಟಲೆ ಕೈಯಿಂದಲೇ ಜೋಡಿಸಿದರು. ತಂತಿಯನ್ನು ಹೀಗೆ ಒಂದು ಸುತ್ತು ಇಟ್ಟಾಗಲೆಲ್ಲ ಅದರೊಳಗೆ ಒಂದು ಹುರಿ ಸೇರುತ್ತದೆ; ನಟ್ಟನಡುವಿನಿಂದ ನೇರವಾಗಿ ಮೇಲಕ್ಕೆಳೆದಾಗ ಅದೇ ಹುರಿ ತಾನಾಗಿ ಬಿಚ್ಚಿಹೋಗುತ್ತದೆ. ಒಳಸುತ್ತು ತೀರ ಕಿರಿದಾಗಿ ತಂತಿ ಗಂಟುಬೀಳದಿರಲೆಂದು ನಡುವೆ ಶಂಕುವಿನಾಕಾರದ ಕಂಬವನ್ನು ನಿಲ್ಲಿಸುವ ವಿಧಾನಕ್ಕೆ ನ್ಯೂವಾಲ್ ಎಂಬ ತಯಾರಕನು 1855ರಲ್ಲಿಯೇ ಪೇಟೆಂಟ್ ಪಡೆದಿದ್ದನು. ನನಗೆ ಅತ್ಯಂತ ಮೆಚ್ಚಿಕೆಯಾದುದು ಮಾತ್ರ ಇನ್ನೊಂದು ಚಾತುರ್ಯ: ಒಂದು ತೊಟ್ಟಿಯ ತಳದಲ್ಲಿರುವ ಕೊನೆಯ ತುದಿಯನ್ನು ಗೋಡೆಯ ಬದಿಯಲ್ಲಿ ಮೇಲಕ್ಕೆ ತಂದು, ಮುಂದಿನ ತೊಟ್ಟಿಯ ಮೇಲ್ತುದಿಗೆ ಮೊದಲೇ ಬೆಸೆದಿಟ್ಟರೆ, ಒಂದು ಬರಿದಾದೊಡನೆ ಇನ್ನೊಂದು ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ.

1865ರ ಅಟ್ಲಾಂಟಿಕ್ ಯಾನದಲ್ಲಿ ಎರಡು ಬಾರಿ ತಂತಿಯನ್ನು ಅಡ್ಡಲಾಗಿ ಚುಚ್ಚಿಕೊಂಡ ಲೋಹದ ಚೂರು ದೊರೆತಾಗ, ಯಾರೋ ದ್ರೋಹ ಬಗೆದರೆಂದು ಶಂಕಿಸಿ ತೊಟ್ಟಿಯಲ್ಲಿ ಕಾವಲು ಹಾಕಿದರು. ತಂತಿಗೆ ಕವಚವಾಗಿದ್ದ ಉಕ್ಕಿನ ಸರಿಗೆಯೇ ಮುರಿದು, ಮೇಲಿನ ಸುತ್ತುಗಳ ಭಾರಕ್ಕೆ ಕೆಳಗಿನ ಸುತ್ತಿನೊಳಕ್ಕೆ ಹೊಕ್ಕಿರಬಹುದೆಂಬುದು ಆಮೇಲೆ ತಿಳಿಯಿತು. ಆಗಸ್ಟಿನಲ್ಲಿ ತಂತಿ ಕಡಿದು ಆಳಕ್ಕೆ ಸೇರಿತು. ಮರುವರ್ಷ ತೊಟ್ಟಿಯ ಆಳುಗಳಿಗೆ ಜೇಬಿಲ್ಲದ, ಬೆನ್ನಹಿಂದೆ ಕಟ್ಟುವ ಕ್ಯಾನ್ವಾಸಿನ ಅಂಗಿಗಳನ್ನು ತೊಡಿಸಿದರು. 1866ರ ಜುಲೈ 27ರಂದು ತಂತಿ ಹಾರ್ಟ್ಸ್ ಕಂಟೆಂಟ್ ಎಂಬ ಹಳ್ಳಿಯ ದಡವನ್ನು ಸೇರಿತು. ಇದೇ ಹಡಗು 1870ರಲ್ಲಿ ಮುಂಬಯಿಯಿಂದ ಏಡನ್ನಿಗೆ ತಂತಿ ಹಾಸಿದಾಗ, ಉಷ್ಣವಲಯದ ಬಿಸಿಲು ತೊಟ್ಟಿಗಳನ್ನು ಕಾಯಿಸದಿರಲೆಂದು ಅದರ ಹೊರಮೈಗೆಲ್ಲ ಬಿಳಿಯ ಬಣ್ಣ ಬಳಿದಿದ್ದರು.

ತಾಮ್ರದ ಕಾಲ ಮುಗಿದು, 1988ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ಕಿನ ಮೊದಲ ಆಪ್ಟಿಕಲ್ ಫೈಬರ್ ಕೇಬಲ್ ಕೆಲಸಕ್ಕೆ ತೊಡಗಿದಾಗಲೂ, ಹಡಗಿನೊಳಗೆ ದುಂಡಗಿನ ತೊಟ್ಟಿ, ನಡುವೆ ಶಂಕು, ಸುತ್ತಿ ನಡೆಯುವ ಆಳುಗಳು ಇದ್ದೇ ಇದ್ದರು. ನಡುನಡುವೆ ಸಂಕೇತವನ್ನು ಬಲಪಡಿಸುವ, ಸುರುಳಿ ಸುತ್ತಲಾಗದ ರಿಪೀಟರುಗಳನ್ನು ತೊಟ್ಟಿಯ ಹೊರಗೆ ಸಾಲಾಗಿ ಇಡುವುದು ಈಗಿನ ರೂಢಿ. ತಾಪದ ಭಯದ ಜಾಗದಲ್ಲಿ ಬಾಗುವಿಕೆಯ ಭಯ ಬಂದಿದೆ: ಕೂದಲೆಳೆಯಂತಹ ಗಾಜಿನ ತಂತು ತೀರ ಕಿರಿದಾಗಿ ಬಾಗಿದರೆ, ಮುರಿಯದೆಯೇ ಬೆಳಕನ್ನು ಹೊರಕ್ಕೆ ಸೋರಬಿಡುತ್ತದೆ. ಆದುದರಿಂದ ಬೀದಿಬದಿಯ ಜಾಯಿಂಟ್ ಪೆಟ್ಟಿಗೆಯ ಪುಟ್ಟ ತಟ್ಟೆಯಲ್ಲಿಯೂ ಸುರುಳಿಯ ತ್ರಿಜ್ಯ ಸಾಮಾನ್ಯವಾಗಿ 30 ಮಿಲಿಮೀಟರಿಗಿಂತ ಕಡಿಮೆಯಾಗದಂತೆ ಅಂಚುಗಳನ್ನು ರೂಪಿಸುತ್ತಾರೆ; ಮತ್ತೆ ಬೆಸೆಯಬೇಕಾದಾಗ ಎಳೆ ಗಿಡ್ಡವಾಗದಿರಲೆಂದು ಒಂದಿಷ್ಟು ಹೆಚ್ಚುವರಿ ಉದ್ದವನ್ನು ಅದರಲ್ಲಿಯೇ ಸುತ್ತಿ ಬಿಟ್ಟಿರುತ್ತಾರೆ.