ಘಾಟಿ ಏರಿಸಿದ ಪಂಪು

ಕೇರಳದ ಪಾಣತ್ತೂರಿನಿಂದ ಗಡಿ ದಾಟಿ ಕರಿಕೆಗೆ ಬಂದರೆ, ಅಲ್ಲಿಂದ ಭಾಗಮಂಡಲದವರೆಗೆ ಕಾಡಿನ ನಡುವೆ ಏರುದಾರಿ. ಇಂಥ ಏರಿನಲ್ಲಿ ಹಳೆಯ ಕಾರೊಂದು ಎಳೆಯಲಾರದೆ ನಿಂತಿತೆಂದರೆ ಅನುಮಾನ ಮೊದಲು ಹೋಗುವುದು ಫ್ಯೂಯೆಲ್ ಪಂಪಿನ ಮೇಲೆ. ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಎಂಜಿನ್ನಿಗೆ ಮುಟ್ಟಿಸುವುದು ಅದರ ಕೆಲಸ.

ಮೊದಮೊದಲು ಅನೇಕ ಕಾರುಗಳಿಗೆ ಪಂಪೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು. ಪೆಟ್ರೋಲು ತಾನಾಗಿ ಇಳಿದು ಕಾರ್ಬ್ಯುರೇಟರ್ ಸೇರುತ್ತಿತ್ತು. ಕಡಿದಾದ ಏರಿನಲ್ಲಿ ಕಾರಿನ ಮೂತಿ ಮೇಲಾದರೆ ಹರಿವು ನಿಲ್ಲುತ್ತಿತ್ತು. ಟ್ಯಾಂಕು ಅರೆಬರಿದಾಗಿದ್ದಾಗ ಚಾಲಕರು ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ದರು! ಆಮೇಲೆ ಎಂಜಿನ್ನಿನ ಹೀರುವಿಕೆಯಿಂದಲೇ ಪೆಟ್ರೋಲು ಎಳೆಯುವ ತೊಟ್ಟಿ ಬಂತು. ಆದರೆ ಉದ್ದನೆಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆ ಹೀರುವಿಕೆಯೇ ಕುಗ್ಗುತ್ತಿತ್ತು. ಕ್ಯಾಮ್‌ಶಾಫ್ಟ್ ನಡೆಸುವ ಡಯಾಫ್ರಾಂ ಪಂಪು 1920ರ ದಶಕದ ಕೊನೆಯಿಂದ ಬಳಕೆಗೆ ಬಂದ ಮೇಲೆಯೇ ಈ ಗೋಳು ತಪ್ಪಿದ್ದು. ನಮ್ಮ ಪೆಟ್ರೋಲ್ ಅಂಬಾಸಿಡರ್, ಫಿಯೆಟ್, ಮೊದಲ ಮಾರುತಿ 800 ಓಡಿದ್ದು ಇಂಥ ಪಂಪಿನಿಂದಲೇ.

ಈ ಪಂಪಿನ ಒತ್ತಡ ಚದರ ಅಂಗುಲಕ್ಕೆ ಮೂರರಿಂದ ಆರು ಪೌಂಡು, ಅಷ್ಟೆ. ಹೀಗಾಗಿ ಮೆಕ್ಯಾನಿಕ್‌ಗಳ ಪರೀಕ್ಷೆಯೂ ಸರಳವಾಗಿತ್ತು. ಕಾರ್ಬ್ಯುರೇಟರಿನ ಬಳಿ ಪೈಪು ಬಿಚ್ಚಿ, ತುದಿಯನ್ನು ಡಬ್ಬಿಗಿಟ್ಟು, ಸ್ಟಾರ್ಟರ್ ತಿರುಗಿಸುವುದು. ಪೆಟ್ರೋಲು ಬಿಟ್ಟುಬಿಟ್ಟು ಬಲವಾಗಿ ಚಿಮ್ಮಿದರೆ ಪಂಪು ಸರಿ. ತೊಟ್ಟಿಕ್ಕಿದರೆ ಡಯಾಫ್ರಾಂ ಹರಿದಿರಬಹುದು, ಫಿಲ್ಟರ್ ಕಟ್ಟಿಕೊಂಡಿರಬಹುದು. ಎಷ್ಟು ಸೆಕೆಂಡಿಗೆ ಎಷ್ಟು ಬೀಳಬೇಕೆಂಬ ಲೆಕ್ಕ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ.

ಸರಳವಾದದ್ದೆಲ್ಲ ಸುರಕ್ಷಿತವಲ್ಲ. ಎಂಜಿನ್ ಸ್ಟಾರ್ಟ್ ಆಗದಿರಲೆಂದು ಹಲವರು ಕಾಯಿಲಿನ ದಪ್ಪ ವೈರನ್ನು ಕಿತ್ತು ಹಾಗೆಯೇ ಬಿಡುತ್ತಾರೆ. ಸ್ಟಾರ್ಟರ್ ತಿರುಗಿದಂತೆ ಅದರ ತುದಿಯಿಂದ ಕಿಡಿ ಹಾರುತ್ತದೆ, ಪಕ್ಕದಲ್ಲೇ ಪೆಟ್ರೋಲು! ಕಿತ್ತಿಡಬೇಕಾದ್ದು ಕಾಯಿಲಿಗೆ ಕರೆಂಟು ತರುವ ಸಣ್ಣ ವೈರನ್ನು. ಎಂಜಿನ್ ತಣ್ಣಗಿರಬೇಕು, ಡಬ್ಬಿ ಲೋಹದ್ದಾಗಿರಬೇಕು, ಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಬೇಕು. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಬೆಂಕಿಯೇ ಹರಡೀತು. ಕೊಡಗಿನ ಮಳೆಗಾಲದಲ್ಲಿ ಶೆಡ್ಡಿನ ಬಾಗಿಲೆಳೆದುಕೊಂಡು ರಿಪೇರಿಗೆ ಕೂರುವ ಆಸೆ ಸಹಜ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು, ದೂರದ ಒಲೆಯ ಬೆಂಕಿಗೂ ತಾಗೀತು. ಮಳೆ ಬಿಡುವವರೆಗೆ ಕಾದು, ಬಯಲಿನಲ್ಲಿ ಮಾಡುವುದೇ ಮೇಲು.

ಇಂಜೆಕ್ಷನ್ ಕಾರುಗಳಿಗೆ ಈ ಡಬ್ಬಿಯ ಪರೀಕ್ಷೆ ಸಲ್ಲದು. ಹೊಗೆ ನಿಯಮಗಳು 2000ದಿಂದ ಬಿಗಿಯಾಗುತ್ತ ಬಂದಂತೆ ಕಾರ್ಬ್ಯುರೇಟರ್ ಹಿಂದೆ ಸರಿಯಿತು. ವಿದ್ಯುತ್ ಪಂಪು ಟ್ಯಾಂಕಿನೊಳಗೇ ಸೇರಿತು. ಅದರ ಒತ್ತಡ ಸಾಮಾನ್ಯವಾಗಿ 40 ಪೌಂಡಿನ ಆಸುಪಾಸು, ಅಂದರೆ ಟೈರಿನ ಗಾಳಿಗಿಂತಲೂ ಹೆಚ್ಚು. ಎಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಬಿಚ್ಚಿದರೆ ಮುಖಕ್ಕೇ ಎರಚುತ್ತದೆ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್‌ಗೆ ತಿರುಗಿಸಿ ಹಿಂದಿನ ಸೀಟಿನ ಕಡೆ ಕಿವಿಗೊಡುವುದು. ಹೆಚ್ಚಿನ ಕಾರುಗಳಲ್ಲಿ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಕೇಳಿಸುತ್ತದೆ. ಕೇಳದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ ನೋಡಬಹುದು. ಸದ್ದಿದ್ದೂ ಕಾರು ಏರು ಹತ್ತದಿದ್ದರೆ ಗೇಜು ಇರುವ ವರ್ಕ್‌ಶಾಪಿಗೇ ಒಯ್ಯಬೇಕು.