ತರಗತಿಯಲ್ಲಿ ಸ್ವಂತ ಡಿಜಿಟಲ್ ಸಾಧನಗಳು

ವಿದ್ಯಾರ್ಥಿಗಳು ತಮ್ಮ ಮೊಬೈಲ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗಳನ್ನು ಪಾಠದ ವೇಳೆ ಬಳಸುವ ಪದ್ಧತಿ. ಇದರ ಸಾಧಕ-ಬಾಧಕಗಳ ಚರ್ಚೆ ಸ್ಮಾರ್ಟ್‌ಫೋನ್ ವ್ಯಾಪಕವಾದ ಮೇಲೆ ತೀವ್ರಗೊಂಡಿತು.

ಪ್ರಯೋಜನಗಳು: ನಿಘಂಟು, ನಕಾಶೆ, ವಿಡಿಯೊ ಪಾಠಗಳು ಕೂಡಲೇ ದೊರೆಯುತ್ತವೆ. ಪಠ್ಯವನ್ನು ಓದಿ ಹೇಳುವ ತಂತ್ರಾಂಶ ದೃಷ್ಟಿದೋಷವುಳ್ಳ ಮಕ್ಕಳಿಗೆ ದೊಡ್ಡ ಆಸರೆ. ಭಾರತದಲ್ಲಿ 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಡಿಜಿಟಲ್ ಕಲಿಕಾ ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ತೆರೆಯಬಹುದು.

ಅಪಾಯಗಳು: 2022ರ ಪಿಸಾ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆಯಲ್ಲಿ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ದೇಶಗಳ ಸರಾಸರಿ ಶೇ 65ರಷ್ಟು ವಿದ್ಯಾರ್ಥಿಗಳು, ಕೆಲವು ಗಣಿತ ಪಾಠಗಳಲ್ಲಾದರೂ ಡಿಜಿಟಲ್ ಸಾಧನಗಳಿಂದ ಗಮನ ಚದುರುತ್ತದೆ ಎಂದರು. ಸೈಬರ್ ಕಿರುಕುಳ, ಖಾಸಗಿ ಮಾಹಿತಿಯ ಸೋರಿಕೆ ಇತರ ಆತಂಕಗಳು. ಸಾಧನ ಕೊಳ್ಳಲಾಗದ ಮನೆಯ ಮಕ್ಕಳು ಹಿಂದುಳಿಯುವುದು ಎಲ್ಲಕ್ಕಿಂತ ಗಂಭೀರ. ಕೋವಿಡ್ ಕಾಲದ ಆನ್‌ಲೈನ್ ತರಗತಿಗಳು ಇದನ್ನು ಕರ್ನಾಟಕದ ಹಳ್ಳಿಗಳಲ್ಲೂ ತೋರಿಸಿಕೊಟ್ಟವು.

ನಿಯಂತ್ರಣ: ಫ್ರಾನ್ಸ್ 2018ರ ಕಾನೂನಿನಿಂದ ಪ್ರಾಥಮಿಕ ಮತ್ತು ಕೆಳ ಮಾಧ್ಯಮಿಕ ಶಾಲೆಗಳಲ್ಲಿ ಮೊಬೈಲ್ ಬಳಕೆ ನಿಷೇಧಿಸಿತು; ಬೋಧನೆಯ ಅಗತ್ಯಕ್ಕೆ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ. ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ, ತಂತ್ರಜ್ಞಾನ ಕಲಿಕೆಗೆ ಪೂರಕವಾಗಿರಬೇಕೇ ಹೊರತು ಶಿಕ್ಷಕರ ಸ್ಥಾನವನ್ನು ಆಕ್ರಮಿಸಬಾರದು ಎಂದು ಎಚ್ಚರಿಸಿತು. ಪಾಠಕ್ಕೆ ಬೇಕಾದಾಗ ಮಾತ್ರ, ಶಿಕ್ಷಕರ ಉಸ್ತುವಾರಿಯಲ್ಲಿ, ಎಲ್ಲ ಮಕ್ಕಳಿಗೂ ಸಮಾನವಾಗಿ ಸಿಕ್ಕಾಗಲೇ ಈ ಸಾಧನಗಳ ಬಳಕೆ ಸಮರ್ಥನೀಯ.